ಮಂಚದ ಕೆಳಗಿನ ಗುಮ್ಮನಿಗೆ ಚಿತ್ರಕಥೆ ಮದ್ದಾಗಬಲ್ಲದೇ? ಮಕ್ಕಳ ಮನಶ್ಶಾಸ್ತ್ರಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಐದು ವರ್ಷದ ಮಗಳ ತಾಯಿ): ನಮಸ್ಕಾರ ಮೇಡಂ. ಕೆಲವು ವಾರಗಳಿಂದ ನನ್ನ ಮಗಳು ಮಂಚದ ಕೆಳಗೆ ಗುಮ್ಮನಿದ್ದಾನೆಂದು ಹೆದರಿ, ರಾತ್ರಿ ದೀಪ ಆರಿಸಲು ಬಿಡುತ್ತಿಲ್ಲ. ಟಾರ್ಚ್ ಹಿಡಿದು ಮಂಚದ ಕೆಳಗೆ ಏನೂ ಇಲ್ಲವೆಂದು ತೋರಿಸಿದರೆ, "ನೀನು ಹೋದಮೇಲೆ ಬರ್ತಾನೆ" ಎನ್ನುತ್ತಾಳೆ. ಗುಮ್ಮನ ಚಿತ್ರಕಥೆಗಳನ್ನು ಓದಿ ಹೇಳುವಂತೆ ಸ್ನೇಹಿತೆಯೊಬ್ಬರು ಸೂಚಿಸಿದ್ದಾರೆ. ಮೊದಲೇ ಹೆದರಿರುವ ಮಗುವಿಗೆ ಅಂಥ ಚಿತ್ರ ತೋರಿಸಿದರೆ ಭಯ ಹೆಚ್ಚಾಗುವುದಿಲ್ಲವೇ? ಎಂಥ ಕಥೆಯನ್ನು ಆರಿಸಬೇಕು?

ಉತ್ತರ: ನಮಸ್ಕಾರ. ಮೂರರಿಂದ ಆರು ವರ್ಷದೊಳಗಿನ ಮಕ್ಕಳಲ್ಲಿ ಕತ್ತಲೆಯ ಮತ್ತು ಗುಮ್ಮನ ಭಯ ತೀರಾ ಸಾಮಾನ್ಯ. ಹಗಲಿನಲ್ಲಿ ಕೇಳಿದರೆ ಈ ವಯಸ್ಸಿನ ಅನೇಕ ಮಕ್ಕಳು "ಗುಮ್ಮ ನಿಜವಲ್ಲ" ಎಂದು ಸರಿಯಾಗಿಯೇ ಉತ್ತರಿಸುತ್ತಾರೆ. ದೀಪ ಆರಿದ ಮೇಲೆ ಮಾತ್ರ ಆ ತಿಳಿವಳಿಕೆ ಅವರ ನೆರವಿಗೆ ಬರುವುದಿಲ್ಲ. ಟಾರ್ಚಿನ ಪುರಾವೆ ಸೋಲುವುದು ಇದೇ ಕಾರಣಕ್ಕೆ. ಕಥೆ ಮಗುವಿನೊಡನೆ ವಾದಕ್ಕಿಳಿಯುವುದಿಲ್ಲ. ಭಯವನ್ನು ಒಪ್ಪಿಕೊಂಡು, ಅದರ ಹತ್ತಿರ ಹೋಗಲು ದಾರಿ ಮಾಡಿಕೊಡುತ್ತದೆ.

ಭಯ ಹುಟ್ಟಿಸುವ ವಸ್ತುವನ್ನು ಸುರಕ್ಷಿತ ಸನ್ನಿವೇಶದಲ್ಲಿ ಹಂತಹಂತವಾಗಿ ಹತ್ತಿರ ತರುವ ಕ್ರಮ ಹೊಸದೇನಲ್ಲ. ಮೊಲವನ್ನು ಕಂಡರೆ ಹೆದರುತ್ತಿದ್ದ ಪುಟ್ಟ ಬಾಲಕನೊಬ್ಬನಿಗೆ ಇಷ್ಟದ ತಿನಿಸು ಕೊಡುತ್ತಾ, ಮೊಲವನ್ನು ಸ್ವಲ್ಪಸ್ವಲ್ಪವೇ ಸಮೀಪಕ್ಕೆ ತಂದು ಅವನ ಭಯ ಬಿಡಿಸಿದ ಪ್ರಯೋಗವನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ 1924ರಲ್ಲಿಯೇ ಪ್ರಕಟಿಸಿದ್ದರು. ತಾಯಿಯ ಮಡಿಲಲ್ಲಿ ಕುಳಿತು ಗುಮ್ಮನ ಚಿತ್ರ ನೋಡುವ ಮಗುವಿಗೂ ಇಂಥದೇ ಅನುಭವ ಸಿಗುತ್ತದೆ. ಇಲ್ಲಿ ಇನ್ನೂ ಒಂದು ಅನುಕೂಲವಿದೆ: ಪುಟ ತಿರುಗಿಸುವ ಅಧಿಕಾರ ಮಗುವಿನ ಕೈಯಲ್ಲೇ ಇರುತ್ತದೆ.

ಆಯ್ಕೆ ಮಾಡುವಾಗ ನಾನು ಮೊದಲು ನೋಡುವುದು, ಕಥೆಯಲ್ಲಿ ಸಮಸ್ಯೆಯನ್ನು ಬಗೆಹರಿಸುವವರು ಯಾರು ಎಂಬುದನ್ನು. ಅಪ್ಪನೋ ಅಮ್ಮನೋ ಬಂದು ಗುಮ್ಮನನ್ನು ಓಡಿಸಿದರೆ, ಅವರು ಕೋಣೆಯಲ್ಲಿಲ್ಲದ ಹೊತ್ತಿಗೆ ಮಗುವಿನ ಬಳಿ ಏನೂ ಉಳಿಯುವುದಿಲ್ಲ. ಕಥೆಯ ಮಗುವೇ ಏನಾದರೂ ಮಾಡಬೇಕು. ಒಂದು ಪುಟದಲ್ಲಿ ಗೋಡೆಯ ತುಂಬ ಕೊಂಬಿನ ನೆರಳು, ಮೂಲೆಯಲ್ಲಿ ಹೊದಿಕೆಯೊಳಗೆ ಬೆರಳುಗಾತ್ರದ ಹುಡುಗಿ ಇದ್ದಾಳೆ ಎಂದುಕೊಳ್ಳಿ. ಮುಂದಿನ ಪುಟದಲ್ಲಿ ಅವಳು ತಾನೇ ಎದ್ದು ದೀಪ ಹಾಕುತ್ತಾಳೆ. ಕೊಂಬುಗಳಿದ್ದ ಜಾಗದಲ್ಲಿ ಕುರ್ಚಿಯ ಮೇಲೆ ಎಸೆದಿದ್ದ ಅಂಗಿಯ ಎರಡು ತೋಳುಗಳಿವೆ, ಈಗ ಪುಟದ ಮಧ್ಯದಲ್ಲಿ ಹುಡುಗಿಯೇ ದೊಡ್ಡದಾಗಿ ಕಾಣುತ್ತಾಳೆ. ಎರಡನೆಯ ಓದಿನಲ್ಲಿ ನಿಮ್ಮ ಮಗಳು ದೀಪ ಬೆಳಗುವ ಮೊದಲೇ ಕುರ್ಚಿಯ ಮೇಲೆ ಬೆರಳಿಟ್ಟು ತೋರಿಸಿದರೆ, ಕಥೆ ತನ್ನ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ. ಅದೇ ಪುಸ್ತಕವನ್ನು ಮತ್ತೆ ಮತ್ತೆ ಕೇಳಿದರೆ ದಯವಿಟ್ಟು ಬೇಸರಿಸಬೇಡಿ; ಮುಂದೇನಾಗುತ್ತದೆಂದು ಮೊದಲೇ ತಿಳಿದಿರುವುದೇ ಮಗುವಿಗೆ ಧೈರ್ಯ ಕೊಡುತ್ತದೆ.

ಮೊದಲ ಕೆಲವು ಓದುಗಳು ಹಗಲಿನಲ್ಲಿಯೇ ಆಗಲಿ. ಗುಮ್ಮನನ್ನು ಓಡಿಸುವ ಮಂತ್ರದ ನೀರು ಚಿಮುಕಿಸುವಂಥ ಉಪಾಯಗಳನ್ನು ನಾನು ಸಲಹೆ ಮಾಡುವುದಿಲ್ಲ, ಏಕೆಂದರೆ ಓಡಿಸಬೇಕಾದ ಗುಮ್ಮ ನಿಜವಾಗಿಯೂ ಇದ್ದಾನೆಂದು ದೊಡ್ಡವರೇ ಒಪ್ಪಿಕೊಂಡಂತಾಗುತ್ತದೆ. ಊಟ ಮಾಡಿಸಲು ಮನೆಯಲ್ಲಿ ಯಾರಾದರೂ ಗುಮ್ಮನ ಹೆಸರು ಹೇಳಿ ಹೆದರಿಸುತ್ತಿದ್ದರೆ ಅದು ಇಂದೇ ನಿಲ್ಲಬೇಕು.

ಪ್ರಶ್ನೆ (ಆರು ವರ್ಷದ ಮಗನ ತಂದೆ): ಮೇಡಂ, ನನ್ನ ಮಗ ಭಯದ ಚಿತ್ರ ಬಂದೊಡನೆ ಪುಸ್ತಕ ಮುಚ್ಚಿಬಿಡುತ್ತಾನೆ. ಒತ್ತಾಯಿಸಿ ಮುಗಿಸಬೇಕೇ? ತಜ್ಞರನ್ನು ಕಾಣುವುದು ಯಾವಾಗ?

ಉತ್ತರ: ಖಂಡಿತ ಒತ್ತಾಯಿಸಬೇಡಿ. ಪುಸ್ತಕ ಮುಚ್ಚಿದಾಗ ಚಿತ್ರ ಮರೆಯಾಗುತ್ತದೆ, ತಾನು ಮುಚ್ಚಬಲ್ಲೆ ಎಂಬುದೇ ಅವನ ಮೊದಲ ಹಿಡಿತ. "ಅಲ್ಲಿಯವರೆಗೆ ಮಾತ್ರ ಓದೋಣ" ಎಂದು ಒಪ್ಪಿ, ಮುಂದೇನಾಗಬೇಕೆಂದು ಅವನಿಂದಲೇ ಚಿತ್ರ ಬರೆಸಿ.

ಭಯದಿಂದ ನಿದ್ದೆ, ಶಾಲೆ, ಆಟ ಕೆಡುತ್ತಿದ್ದರೆ ಅಥವಾ ತೀವ್ರ ಭಯ ಆರು ತಿಂಗಳಾದರೂ ಇಳಿಯದಿದ್ದರೆ ತಜ್ಞರನ್ನು ಕಾಣಿರಿ. ನಿದ್ದೆಯೇ ಹಾಳಾಗುತ್ತಿದ್ದರೆ ಅಷ್ಟು ಕಾಯುವುದು ಬೇಡ. ಮಲಗಿದ ಮೊದಲ ಕೆಲವು ತಾಸುಗಳಲ್ಲಿ ಕಿರುಚಿಕೊಂಡು ಎದ್ದು, ಬೆಳಿಗ್ಗೆ ಏನೂ ನೆನಪಿಲ್ಲವೆಂದರೆ ಅದು ಗಾಢನಿದ್ರೆಯಲ್ಲಿ ಬರುವ ಬೇರೆಯೇ ತೊಂದರೆ, ಅದಕ್ಕೆ ಕಥೆ ಉತ್ತರವಲ್ಲ. ಬರುವಾಗ ಆ ಪುಸ್ತಕವನ್ನೂ ಜೊತೆಗೆ ತನ್ನಿ. ಅವನು ಯಾವ ಚಿತ್ರಕ್ಕೆ ಬಂದಾಗ ಮುಚ್ಚುತ್ತಾನೆ ಎಂಬುದನ್ನು ನೋಡಿದರೆ, ಅವನಿಗೆ ನಿಜವಾಗಿ ಯಾವುದರ ಭಯವೆಂದು ತಿಳಿಯಲು ನಮಗೆ ಬಹಳ ಅನುಕೂಲವಾಗುತ್ತದೆ.