ಸಹಾಯ ಬೇಕು: ಹಳೆಯ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್, ಅದರಲ್ಲಿ ಕನ್ನಡ

ಮೂಡಿಗೆರೆಯಿಂದ ಬರೆಯುತ್ತಿದ್ದೇನೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸೊಪ್ಪದು. ರ‍್ಯಾಮ್ 4 ಜಿಬಿ ಮಾತ್ರ, ಹಾಗಾಗಿ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿದೆ. ಹಾರ್ಡ್‌ಡಿಸ್ಕ್ ಇನ್ನೂ ಮುಟ್ಟಿಲ್ಲ. ವೈಫೈ, ಧ್ವನಿ ಎರಡೂ ಸರಿಯಿವೆ.

ತೊಡಕಿರುವುದು ಕನ್ನಡದಲ್ಲಿ. ನಮ್ಮ ಸಂಘದ ಪತ್ರಗಳೆಲ್ಲ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟಿನಲ್ಲಿವೆ. ಲಿಬ್ರೆಆಫೀಸ್‌ನಲ್ಲಿ ತೆರೆದರೆ ಅಕ್ಷರಗಳು ಚೆಲ್ಲಾಪಿಲ್ಲಿ. ಇಂಥ ಕಡತಗಳನ್ನು ಒಟ್ಟಾಗಿ ಯೂನಿಕೋಡ್‌ಗೆ ಪರಿವರ್ತಿಸಿದವರು ಇದ್ದೀರಾ? ಐಬಸ್‌ನಲ್ಲಿ (ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪಿಸುವ ತಂತ್ರಾಂಶ) ಕೆಜಿಪಿ ಕೀಲಿಮಣೆ (ನುಡಿಯಲ್ಲಿ ಬಳಸುವ ಕನ್ನಡ ಕೀಲಿ ವಿನ್ಯಾಸ) ಸೇರಿಸುವ ಕ್ರಮವನ್ನೂ ದಯವಿಟ್ಟು ತಿಳಿಸಿ, ನನ್ನ ಬೆರಳುಗಳಿಗೆ ಅದೊಂದೇ ರೂಢಿ. ಚಿಕ್ಕಮಗಳೂರಿನಲ್ಲಿ ಯಾರಾದರೂ ಒಂದು ಭಾನುವಾರ ಜೊತೆಗೆ ಕುಳಿತು ತೋರಿಸುವುದಾದರೆ ಲ್ಯಾಪ್‌ಟಾಪ್ ಹಿಡಿದು ಬಸ್ಸಿನಲ್ಲಿ ಬರುತ್ತೇನೆ.