ಅಪ್‌ಡೇಟ್: ಮೊಣಕೈಗೆ ಪಿಆರ್‌ಪಿ ಮಾಡಿಸಿಕೊಂಡ ಆರು ತಿಂಗಳ ನಂತರ

ಬಲ ಮೊಣಕೈಯ ಟೆನಿಸ್ ಎಲ್ಬೋ (ಮೊಣಕೈಯ ಹೊರಬದಿಯ ಸ್ನಾಯುರಜ್ಜಿನ ತೊಂದರೆ) ನೋವಿಗೆ ಪಿಆರ್‌ಪಿ ಚಿಕಿತ್ಸೆ (ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ, ಅಂದರೆ ನಮ್ಮದೇ ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಹೆಪ್ಪುಗಟ್ಟಿಸುವ ಕಣಗಳು ದಟ್ಟವಾಗಿರುವ ಭಾಗವನ್ನು ನೋವಿನ ಜಾಗಕ್ಕೆ ಚುಚ್ಚುವುದು) ಮಾಡಿಸಬಹುದೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಕೊನೆಗೆ ಮಾಡಿಸಿಕೊಂಡೆ. ಎಡತೋಳಿನಿಂದ ತೆಗೆದ ರಕ್ತವನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿದಾಗ ಕೆಂಪು ಕಣಗಳು ತಳಕ್ಕಿಳಿದು ಮೇಲೆ ತಿಳಿಹಳದಿ ದ್ರವ ನಿಂತಿತು; ಅದರಲ್ಲಿ ಪ್ಲೇಟ್‌ಲೆಟ್ ದಟ್ಟವಾಗಿದ್ದ ಭಾಗವನ್ನಷ್ಟೇ, ಅಲ್ಟ್ರಾಸೌಂಡ್ ನೋಡಿಕೊಂಡು, ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗಕ್ಕೆ ಚುಚ್ಚಿದರು. ಮೊದಲ ನಾಲ್ಕು ದಿನ ನೋವು ಹೆಚ್ಚಾಗಿ ಕಾಫಿ ಲೋಟ ಎತ್ತುವುದೂ ಕಷ್ಟವಾಯಿತು. ಹೀಗಾಗುವುದು ಸಾಮಾನ್ಯವೆಂದು ಅಲ್ಲಿ ಯಾರೂ ಮೊದಲೇ ಹೇಳಿರಲಿಲ್ಲ, ಹೇಳಬೇಕಿತ್ತು. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಪ್ಲೇಟ್‌ಲೆಟ್‌ಗಳ ಕೆಲಸಕ್ಕೆ ಅಡ್ಡಿಯಾಗಬಹುದೆಂದು ಅವನ್ನು ಮಾತ್ರ ಬೇಡವೆಂದಿದ್ದರು.

ಮೂರನೇ ತಿಂಗಳ ಹೊತ್ತಿಗೆ ಒದ್ದೆ ಬಟ್ಟೆ ಹಿಂಡಲು ಸಾಧ್ಯವಾಯಿತು, ಈಗ ತುಂಬಿದ ಕೊಡವನ್ನೂ ಎತ್ತುತ್ತೇನೆ. ಆದರೆ ಇದು ಪಿಆರ್‌ಪಿಯಿಂದಲೇ ಆಯಿತೆಂದು ನಾನು ಹೇಳಲಾರೆ, ಏಕೆಂದರೆ ಈ ಅವಧಿಯುದ್ದಕ್ಕೂ ಮಣಿಕಟ್ಟಿನ ವ್ಯಾಯಾಮವನ್ನು ಒಂದು ದಿನವೂ ತಪ್ಪಿಸಿಲ್ಲ, ಮೇಲಾಗಿ ಬಹುಪಾಲು ಟೆನಿಸ್ ಎಲ್ಬೋ ಒಂದು ವರ್ಷದೊಳಗೆ ತಾನಾಗಿಯೇ ಶಮನವಾಗುತ್ತದೆ. ಮಂಡಿ ಸವೆತಕ್ಕೂ ಇದನ್ನು ಮಾಡಿಸಬಹುದೇ ಎಂದು ಕೇಳಿದ್ದವರು ಗಮನಿಸಿ: 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಒಂದು ವರ್ಷದ ನಂತರದ ನೋವಿನ ವಿಷಯದಲ್ಲಿ, ಪಿಆರ್‌ಪಿ ಬರೀ ಸಲೈನ್ (ಉಪ್ಪುನೀರಿನ) ಚುಚ್ಚುಮದ್ದಿಗಿಂತ ಮೇಲೆನಿಸಲಿಲ್ಲ.