‘ನೇಮಿಸಿಕೊಂಡರು’ ಅಂದರೆ ಸಾಕೇ? ಪೇಪರ್‌ಕ್ಲಿಪ್ ವಿಜ್ಞಾನಿಗಳ ಬಗ್ಗೆ ಒಂದು ಪದಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ರಾಕೆಟ್ಟಿನ ಚರಿತ್ರೆ ಬರೆಯುತ್ತಿದ್ದೇನೆ. ಒಂದೇ ಒಂದು ಕ್ರಿಯಾಪದ ನಾಲ್ಕು ದಿನದಿಂದ ಕಾಡುತ್ತಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದವರು ಜರ್ಮನಿಯ ಸುಮಾರು 1,600 ವಿಜ್ಞಾನಿ, ಎಂಜಿನಿಯರುಗಳನ್ನು ತಮ್ಮ ಕೆಲಸಕ್ಕೆ ತೆಗೆದುಕೊಂಡರು. ಅದರ ಹೆಸರು ಆಪರೇಷನ್ ಪೇಪರ್‌ಕ್ಲಿಪ್. ಈ ‘ತೆಗೆದುಕೊಂಡರು’ ಇರುವ ಜಾಗಕ್ಕೆ ಯಾವ ಮಾತು ಸರಿ?

ಮೊದಲು ‘ನೇಮಿಸಿಕೊಂಡರು’ ಅಂತ ಬರೆದೆ. ಓದಿದರೆ ಅರ್ಜಿ ಹಾಕಿ, ಸಂದರ್ಶನ ಮುಗಿಸಿ ಸೇರಿದ ಹಾಗೆ ಕೇಳುತ್ತದೆ. ಆದದ್ದು ಹಾಗಲ್ಲ. ಹಾಗೆ ಹೋದವರಲ್ಲಿ ಒಬ್ಬನಾದ ರಾಕೆಟ್ ಎಂಜಿನಿಯರ್ ವರ್ನರ್ ಫಾನ್ ಬ್ರೌನ್ ಹಿಟ್ಲರನ ನಾತ್ಸಿ ಪಕ್ಷದ ಸದಸ್ಯ, ಆ ಪಕ್ಷದ ಎಸ್‌ಎಸ್ ಪಡೆಯ ಅಧಿಕಾರಿ. ಜರ್ಮನಿ ಯುದ್ಧದಲ್ಲಿ ಬಳಸಿದ ಆತನ ವಿ-2 ರಾಕೆಟ್ಟುಗಳನ್ನು ಜರ್ಮನಿಯ ನೋರ್ಡ್‌ಹೌಸನ್ ಊರಿನ ಹತ್ತಿರದ ಸುರಂಗದಲ್ಲಿ ಜೋಡಿಸಿದವರು ಮಿಟೆಲ್‌ಬೌ-ಡೋರಾ ಎಂಬ ನಾತ್ಸಿ ಸೆರೆಶಿಬಿರದ ಕೈದಿಗಳು. ಆ ಶಿಬಿರಕ್ಕೆ ಬಂದ ಸುಮಾರು 60,000 ಜನರಲ್ಲಿ 20,000ದಷ್ಟು ಮಂದಿ ಸತ್ತರು. 1946ರಲ್ಲಿ ಅಧ್ಯಕ್ಷ ಟ್ರೂಮನ್ ಒಪ್ಪಿಗೆ ಕೊಟ್ಟಾಗ, ಹೆಸರಿಗಷ್ಟೇ ಪಕ್ಷದಲ್ಲಿದ್ದವರನ್ನು ಬಿಟ್ಟು ಉಳಿದ ನಾತ್ಸಿಗಳು ಬೇಡ ಎಂಬ ಷರತ್ತಿತ್ತು. ಆದರೆ ಅಧಿಕಾರಿಗಳು ಕೆಲವರ ಕಡತದ ಷರಾವನ್ನೇ ತಿದ್ದಿದರು. ನಾವು ‘ತಿಪ್ಪೆ ಸಾರಿಸುವುದು’ ಅನ್ನುತ್ತೇವಲ್ಲ, ಅದೇ.

‘ಕರೆಸಿಕೊಂಡರು’ ಅಂದರೆ ಗೌರವ ಜಾಸ್ತಿಯಾಯಿತು. ಭಾರತದ ಮರುತ್ ಯುದ್ಧವಿಮಾನದ ವಿನ್ಯಾಸಕ್ಕೆ ಬೆಂಗಳೂರಿನ ಎಚ್‌ಎಎಲ್‌ಗೆ ಬಂದ ಜರ್ಮನ್ ವಿಮಾನತಜ್ಞ ಕುರ್ಟ್ ಟ್ಯಾಂಕ್ ಬಗ್ಗೆ ಆ ಮಾತು ಹೊಂದುತ್ತದೆ. ಆ ಹೊತ್ತಿಗೆ ಯುದ್ಧ ಮುಗಿದು ಹತ್ತು ವರ್ಷ ದಾಟಿತ್ತು. ಇನ್ನು ‘ಎತ್ತಿಕೊಂಡು ಹೋದರು’ ಸೋವಿಯತ್ ಕಡೆಯವರಿಗೆ ಸರಿ. 1946ರ ಅಕ್ಟೋಬರ್ 22ರಂದು ಅವರು ಎರಡು ಸಾವಿರಕ್ಕೂ ಹೆಚ್ಚು ಜರ್ಮನ್ ತಜ್ಞರನ್ನು ಸಂಸಾರ ಸಮೇತ ರೈಲು ಹತ್ತಿಸಿದರು. ಬರುತ್ತೀರಾ ಅಂತ ಕೇಳಲೂ ಇಲ್ಲ.

ನನ್ನ ಮನಸ್ಸು ‘ಒಳಹಾಕಿಕೊಂಡರು’ ಕಡೆಗೆ ವಾಲುತ್ತಿದೆ. ಏನೋ ಆಸೆ ತೋರಿಸಿ ಎದುರು ಪಕ್ಷದವನನ್ನು ತನ್ನ ಕಡೆ ಮಾಡಿಕೊಂಡರೆ ಹೀಗನ್ನುತ್ತೇವೆ. ಇಬ್ಬರಿಗೂ ಲಾಭವಾಯಿತು ಅನ್ನುವುದು ಆ ಮಾತಿನಲ್ಲೇ ಇದೆ. ಈ ಜನ ರಷ್ಯದವರ ಕೈಗೆ ಸಿಕ್ಕಿಬಿಟ್ಟರೆ ಎಂಬ ಅಮೆರಿಕದ ಭಯ ನಿಜವಾದದ್ದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರ ವಿದ್ಯೆ ಬೇಕಾಯಿತು ಅಂತ ಲೆಕ್ಕ ಕೇಳುವುದನ್ನೇ ಬಿಟ್ಟದ್ದು ತಪ್ಪು. ಅದೇ ಸುರಂಗದಲ್ಲಿ ವಿ-2 ತಯಾರಿಕೆ ನೋಡಿಕೊಂಡ ಆರ್ಥರ್ ರುಡಾಲ್ಫ್ ಮುಂದೆ ಅಮೆರಿಕದಲ್ಲಿ, ಚಂದ್ರನತ್ತ ಮನುಷ್ಯರನ್ನು ಒಯ್ದ ಸ್ಯಾಟರ್ನ್-5 ರಾಕೆಟ್ಟಿನ ಯೋಜನೆಯನ್ನು ನಡೆಸಿದ. ಆ ಸುರಂಗದ ವಿಚಾರ ತನಿಖೆಗೆ ಬಂದ ಮೇಲೆ ಆತ ಅಮೆರಿಕ ಬಿಟ್ಟು, ಅಲ್ಲಿನ ಪೌರತ್ವವನ್ನೂ ಬಿಟ್ಟುಕೊಟ್ಟದ್ದು 1984ರಲ್ಲಿ. ಅಷ್ಟು ವರ್ಷ ಡೋರಾದಿಂದ ಬದುಕಿ ಬಂದವರು ಸುಮ್ನೆ ನೋಡುತ್ತಿರಬೇಕಾಯಿತು.

ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ಆ ಕೈದಿಗಳ ದುಡಿಮೆಗೆ ಏನನ್ನೋಣ? ‘ಕೂಲಿ’ಯಲ್ಲಿ ದುಡ್ಡು ಸಿಗುತ್ತದೆ. ‘ಬಿಟ್ಟಿ ಚಾಕರಿ’ ತೀರಾ ಹಗುರ. ‘ಜೀತ’ ಅಂದರೆ ಮಕ್ಕಳಿಗೆ ಥಟ್ಟನೆ ತಿಳಿಯುತ್ತದೆ. ಆದರೆ ಜೀತದ ಹಿಂದೆ ಸಾಲ ಇರುತ್ತದೆ, ಮತ್ತು ಧಣಿಗೆ ಆಳು ನಾಳೆಯೂ ಬೇಕು. ಡೋರಾದಲ್ಲಿ ಒಬ್ಬ ಸತ್ತರೆ ಅವನ ಜಾಗಕ್ಕೆ ಇನ್ನೊಬ್ಬನನ್ನು ತರುತ್ತಿದ್ದರು. ‘ಸಾಯುವ ತನಕ ದುಡಿಸಿದರು’ ಅಂತ ಬಿಡಿಸಿಯೇ ಬರೆಯಲೇ?

ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ‘ಒಳಹಾಕಿಕೊಳ್ಳು’ ಅನ್ನುವುದನ್ನು ಇದೇ ಅರ್ಥದಲ್ಲಿ ಬಳಸುತ್ತೀರಾ? ನಿಮ್ಮಲ್ಲಿ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.